ಅಡ್ಡಿಯಿಲ್ಲ ಎಂದರೆ ಬೇಡ ಎಂದಲ್ಲ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ನಾನು ಮೈಸೂರಿಗೆ ಬಂದಿಳಿದ ದಿನ ಜಿಟಿಜಿಟಿ ಮಳೆಯಿತ್ತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಮೊನ್ನೆ ಆ ವರ್ಷದ ದಿನಚರಿ ತೆಗೆದು ನೋಡಿದರೆ, "ಬಿಸಿಲು. ಬ್ಯಾಗಿನ ಜಿಪ್ಪು ಕೈ ಸುಡುತ್ತಿತ್ತು" ಎಂದು ನನ್ನದೇ ಅಕ್ಷರದಲ್ಲಿದೆ. ಮಳೆ ಎಲ್ಲಿಂದ ಬಂತೋ ಗೊತ್ತಿಲ್ಲ. ಒಬ್ಬಳೇ ಬಂದಿಳಿದವಳಿಗೆ ಮಳೆ ಚೆನ್ನಾಗಿ ಒಪ್ಪುತ್ತದೆ ಎಂದು ನೆನಪು ತಾನಾಗಿಯೇ ಸುರಿಸಿಕೊಂಡಿರಬೇಕು.

ಆದರೆ ಮನೆಯೊಡತಿ ಸಾಕಮ್ಮನವರು ಆ ದಿನ ಕೇಳಿದ ಎರಡು ಪ್ರಶ್ನೆಗಳ ಬಗ್ಗೆ ನನಗೆ ಅನುಮಾನವಿಲ್ಲ. ಅವನ್ನು ಅವರೂ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಕುಂಬಾರಕೊಪ್ಪಲಿನ ಅವರ ಮನೆಯ ಮೇಲಿನ ಎರಡು ಕೋಣೆ ನೋಡಲು ಹೋಗಿದ್ದೆ. ಅರವತ್ತರ ಆಸುಪಾಸಿನ ಹೆಂಗಸು, ಬಾಗಿಲಲ್ಲೇ ನಿಂತು ಕೇಳಿದರು:

"ಎಷ್ಟ್ ಜನ ಇರ್ತೀರಾ?"

"ಒಬ್ಬಾಕೀನ ರೀ."

"ಯಾವ ಜನ ನೀವು?"

ನನಗೆ ಸ್ವಲ್ಪ ಸಿಟ್ಟೇ ಬಂತು. "ಒಳ್ಳೆ ಮಂದೀನ ಅದೀವ್ರಿ" ಎಂದೆ.

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಮೊದಲ ಪ್ರಶ್ನೆಯ ಜನ ಎಂದರೆ ತಲೆಯೆಣಿಕೆ, ಎರಡನೆಯ ಪ್ರಶ್ನೆಯ ಜನ ಎಂದರೆ ಜಾತಿ ಎಂದು ನನಗೆ ಯಾರು ಹೇಳಬೇಕಿತ್ತು? ಹೇಳಿದೆ. "ಸರಿ" ಎಂದರು. ಬೀಗದ ಕೈ ಕೊಟ್ಟರು. ಒಳಗೆ ಹೋದರು.

ನಿಜವಾದ ಆಘಾತ ಆದದ್ದು ಆಮೇಲೆ. ಬೇರೆ ಯಾವ ಪ್ರಶ್ನೆಯೂ ಬರಲಿಲ್ಲ. ಅವತ್ತೂ ಬರಲಿಲ್ಲ, ಆ ವಾರವೂ ಬರಲಿಲ್ಲ, ಆ ತಿಂಗಳೂ ಬರಲಿಲ್ಲ. ಮೂವತ್ತೆಂಟು ವಯಸ್ಸಿನ ಹೆಂಗಸು, ಗದಗಿನಿಂದ ಇಷ್ಟು ದೂರ ಒಬ್ಬಳೇ ಯಾಕೆ ಬಂದಳು, ಗಂಡ ಎಲ್ಲಿ, ಮಕ್ಕಳು ಯಾಕಿಲ್ಲ, ಒಂದೂ ಕೇಳಲಿಲ್ಲ. ರೈಲಿನುದ್ದಕ್ಕೂ ನಾನು ಉತ್ತರಗಳನ್ನು ಕಟ್ಟಿಕೊಂಡು ಬಂದಿದ್ದೆ. ಸೋಡಚೀಟಿ ಆಗಿದೆ ಎಂಬುದನ್ನು ಎಷ್ಟು ಮೆತ್ತಗೆ ಹೇಳಬಹುದು ಎಂದು ಐದಾರು ಬಗೆಯಲ್ಲಿ ಮನಸ್ಸಿನಲ್ಲೇ ಹೇಳಿ ನೋಡಿದ್ದೆ. ಯಾವುದೂ ಬೇಕಾಗಲಿಲ್ಲ. ಸೋಡಚೀಟಿ ಎಂದರೆ ಇಲ್ಲಿ ಯಾರಿಗೂ ಅರ್ಥವೂ ಆಗುತ್ತಿರಲಿಲ್ಲ, ಇವರು ಡೈವೋರ್ಸ್ ಎನ್ನುತ್ತಾರೆ.

ಮೊದಲ ಕೆಲವು ತಿಂಗಳು ಇದನ್ನು ನಾನು ಸ್ವರ್ಗ ಎಂದೇ ಬರೆದುಕೊಂಡಿದ್ದೇನೆ. ಬಹುವಚನ ಇಲ್ಲಿನ ನೀರಿನಲ್ಲೇ ಇದೆ. ತರಕಾರಿಯವನೂ ಮೇಡಂ ಎನ್ನುತ್ತಾನೆ, ಬಸ್ಸಿನಲ್ಲಿ ಕಾಲು ತುಳಿದವನೂ "ಸಾರಿ ಕಣ್ರೀ" ಎನ್ನುತ್ತಾನೆ. ನೀರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ: ನಮ್ಮ ಓಣಿಯಲ್ಲಿ ಎಂಟು ದಿನಕ್ಕೊಮ್ಮೆ ನಳ ಬರುತ್ತಿದ್ದ ರೂಢಿಗೆ ನಾನು ಇಲ್ಲಿಯೂ ಕೊಡ, ಬಕೆಟ್ಟು, ಕುಕ್ಕರು, ಚಹಾದ ಪಾತ್ರೆಯವರೆಗೆ ಎಲ್ಲದರಲ್ಲೂ ನೀರು ತುಂಬಿಟ್ಟಿದ್ದೆ. ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದ ಸಾಕಮ್ಮನವರು ಸಾಲು ನೋಡಿ, "ಏನ್ ಮೇಡಂ, ಮದ್ವೆ ಗಿದ್ವೆ ಐತಾ?" ಎಂದರು. ಇಲ್ಲಿ ದಿನಾ ನೀರು ಬರುತ್ತದೆ ಎಂದು ನಂಬಲು ನನಗೆ ವರ್ಷ ಹಿಡಿಯಿತು.

ನಜರ್‌ಬಾದಿನ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮೊದಲ ವಾರವೇ ಒಬ್ಬ ಹುಡುಗಿ ರಜೆ ಕೇಳಿದಾಗ "ನಿಮ್ಮ ಮನೀಗೆ ಫೋನ್ ಹಚ್ಚತೇನಿ" ಎಂದುಬಿಟ್ಟೆ. ಹಿಂದಿನ ಬೆಂಚಿನಿಂದ "ಫೋನಿಗೆ ಬೆಂಕಿ ಹಚ್ತಾರಂತೆ ಕಣ್ರೋ" ಎಂದು ಕೇಳಿಸಿತು. ಅಲ್ಲಿಂದ ನನ್ನ ಮಾತನ್ನು ನಾನೇ ಸೋಸತೊಡಗಿದೆ. ಪಲ್ಲೆ ಹೋಗಿ ಪಲ್ಯ ಬಂತು, ನಾಷ್ಟಾ ಹೋಗಿ ತಿಂಡಿ ಬಂತು. ರೊಟ್ಟಿಯ ಹಿಟ್ಟು ಮಾತ್ರ ಊರಿನಿಂದಲೇ ಬರುತ್ತಿತ್ತು. ಎಷ್ಟೇ ಸೋಸಿದರೂ ಒಂದು ಮಾತು ತಳದಲ್ಲಿ ಉಳಿದುಕೊಂಡಿತ್ತು, ಅದರಿಂದ ಆದದ್ದನ್ನು ಈಗ ಹೇಳಬೇಕು.

ಬಂದ ಆರನೆಯ ತಿಂಗಳೋ ಏಳನೆಯದೋ, ನನಗೆ ಜ್ವರ ಬಂತು. ಮೂರು ದಿನ ಕಾಲೇಜಿಗೆ ಹೋಗಲಿಲ್ಲ. ಎರಡನೆಯ ದಿನ ಸಾಕಮ್ಮನವರು ಮೆಟ್ಟಿಲ ಕೆಳಗಿನಿಂದಲೇ ಕೂಗಿ ಕೇಳಿದರು:

"ಮೇಡಂ, ಉಸಾರಿಲ್ವಂತೆ. ವಸಿ ಗಂಜಿ ಮಾಡ್ಕೊಡ್ಲಾ?"

"ಅಡ್ಡಿಯಿಲ್ರೀ" ಎಂದೆ.

"ಸರಿ ಬುಡಿ" ಎಂದರು.

ನಾನು ಎದ್ದು ಒಂದು ತಟ್ಟೆ ತೊಳೆದಿಟ್ಟು, ಬಾಗಿಲು ಅರ್ಧ ತೆರೆದು, ಗಂಜಿಗಾಗಿ ಕಾದು ಮಲಗಿದೆ. ಮಧ್ಯಾಹ್ನವಾಯಿತು. ಕೆಳಗೆ ಅವರ ಮನೆಯಲ್ಲಿ ಉಪ್ಸಾರಿಗೆ ಖಾರ ರುಬ್ಬುವ ಸದ್ದು. ಉಪ್ಸಾರು ಎಂದರೆ ಕಾಳು, ಸೊಪ್ಪು ಬೇಯಿಸಿದ ನೀರು. ಅದಕ್ಕೆ ಖಾರ ಕಲಸಿಕೊಂಡು ಮುದ್ದೆಯ ಜೊತೆ ಉಣ್ಣುತ್ತಾರೆ. ಆ ಬೆಳ್ಳುಳ್ಳಿಯ ಘಾಟು ಬಂತು, ಗಂಜಿ ಬರಲಿಲ್ಲ. ಸಂಜೆ ಬಾಗಿಲು ಹಾಕಿ, ಅವಲಕ್ಕಿ ನೆನೆಸಿಕೊಂಡು ತಿಂದೆ. ಆ ದಿನದ ದಿನಚರಿಯಲ್ಲಿ, "ಇಲ್ಲಿಯವರದು ಬರೀ ಬಾಯಿಮಾತು" ಎಂದಿದೆ. ಈಗ ಓದಿದರೆ ನಾಚಿಕೆಯಾಗುತ್ತದೆ, ಆದರೆ ಹರಿದು ಹಾಕಿಲ್ಲ.

ಆಮೇಲೆ ಒಂದೂವರೆ ವರ್ಷ ಅವರೂ ನನ್ನನ್ನು ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎದುರಾದರೆ ನಗುತ್ತಿದ್ದೆವು. ಭಾನುವಾರ ಎಂಬುದು ಎಷ್ಟು ಉದ್ದದ ದಿನ ಎಂದು ನನಗೆ ಗದಗಿನಲ್ಲಿ ಗೊತ್ತೇ ಇರಲಿಲ್ಲ. ಇಡೀ ದಿನ ಒಂದು ಮಾತೂ ಆಡಿರದ ಸಂಜೆ, ಗಂಟಲು ಇದೆಯೋ ಇಲ್ಲವೋ ನೋಡಲು, ನಾಳೆಯ ಪಾಠವನ್ನು ಗೋಡೆಗೆ ಹೇಳಿದ್ದೂ ಉಂಟು. ಸ್ವರ್ಗ ಎಂದು ಬರೆದುಕೊಂಡದ್ದಕ್ಕೂ ಇದಕ್ಕೂ ನಡುವೆ ದಿನಚರಿಯಲ್ಲಿ ಹೆಚ್ಚು ಪುಟಗಳಿಲ್ಲ.

ಪುಷ್ಪ ಮೆಟ್ಟಿಲು ಹತ್ತಿ ಬಂದದ್ದು ಹಾಗಿರುವಾಗ. ಪುಷ್ಪ ಸಾಕಮ್ಮನವರ ಸೊಸೆ, ತಿ. ನರಸೀಪುರದ ಕಡೆಯ ಹುಡುಗಿ. ಎಂ.ಎ., ಬಿ.ಎಡ್. ಮಾಡಿಕೊಂಡು ಮದುವೆಯಾಗಿ ಬಂದವಳು. ಗಂಡ ಮಹೇಶ ಗೂಡ್ಸ್ ಆಟೋ ಓಡಿಸುತ್ತಾನೆ, ಚಾರು ಎಂಬ ನಾಲ್ಕು ವರ್ಷದ ಮಗಳು. ಅವತ್ತು ಸೆರಗಿನೊಳಗೆ ಏನೋ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು. ತಿಂಡಿಯಿರಬೇಕು ಎಂದುಕೊಂಡೆ. ಪುಸ್ತಕ.

"ಅಕ್ಕ, ನೀವು ಹಿಸ್ಟರಿ ಅಲ್ವಾ? ಒಂದೆರಡು ಡೌಟ್ ಇತ್ತು. ವಸತಿ ಶಾಲೆ ಟೀಚರ್ ಪೋಸ್ಟಿಗೆ ಕರ್ದವ್ರೆ. ಮನೇಲಿ ಇನ್ನೂ ಯೋಳಿಲ್ಲ."

ಅಲ್ಲಿಂದ ದಿನಾ ಮೂರು ಗಂಟೆಗೆ, ಅತ್ತೆ ಮಲಗಿರುವ ಹೊತ್ತಿಗೆ, ತಾರಸಿಯ ಮೇಲೆ ಒಣಗುವ ಸೀರೆಗಳ ನೆರಳಲ್ಲಿ ನಮ್ಮ ಪಾಠ. ನಾನು ಬೆಳಗಿನ ತರಗತಿಗಳನ್ನೇ ಕೇಳಿ ಪಡೆದು ಎರಡೂವರೆಗೆ ಮನೆ ಸೇರತೊಡಗಿದೆ. ಒಂದು ದಿನ ಆಕೆಯೇ ಕೇಳಿದಳು:

"ಅಕ್ಕ, ನೀವ್ಯಾಕೆ ನಮ್ಮನೇದು ಏನೂ ಬ್ಯಾಡ ಅಂತೀರಾ? ಅತ್ತೆ ಅವತ್ತಿಂದ ಒಂಥರಾ ಬೇಜಾರಾಗವ್ರೆ. ಗಂಜಿಗೆ ಅಕ್ಕಿ ತೊಳ್ಕೊಂಡು ಕೇಳುದ್ರಂತೆ, ಅದೇನೂ ಬ್ಯಾಡ ಅಂದ್ಬುಟ್ರಂತೆ. ದೊಡ್ಡೋರು, ನಮ್ಮನೇದೆಲ್ಲ ತಿಂತಾರಾ ಅಂತಾರೆ."

"ನಾ ಬ್ಯಾಡ ಅಂದೇ ಇಲ್ಲ! ಅಡ್ಡಿಯಿಲ್ಲ ಅಂದೆ."

"ಅದೇ ಅಲ್ವಾ ಅಕ್ಕ. ಅಡ್ಡಿ ಇಲ್ಲ, ತೊಂದ್ರೆ ಇಲ್ಲ, ಬ್ಯಾಡ ಅಂತ."

ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ. ನಮ್ಮ ಕಡೆ ಅಡ್ಡಿಯಿಲ್ಲ ಎಂದರೆ ಆಗಲಿ, ಬರಲಿ, ಚಲೋ ಆತು. ಪುಷ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡು ಕೆಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಸಾಕಮ್ಮನವರ ದನಿ ಮೇಲಕ್ಕೆ ಬಂತು: "ಎರಡ್ ವರ್ಸದ ಗಂಜಿ ಬಾಕಿ ಐತೆ ಕಣವ್ವಾ, ಈಗ ಕುಡೀತೀಯಾ?" ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಹೋಗಿ ಕುಡಿದೆ, ಜ್ವರವಿಲ್ಲದೆಯೇ.

ಅಂದಿನಿಂದ ಪಾಠದ ನಡುವೆ ನಾನು ಊರಿನ ಮಾತು ಆಡತೊಡಗಿದೆ. ಎಷ್ಟು ಆಡಿದೆನೋ! ನಮ್ಮ ಕಡೆ ಯಾರನ್ನೂ ಒಬ್ಬರನ್ನೇ ಬಿಡುವುದಿಲ್ಲ ಎಂದೆ. ಒಂದು ಸಲ ಬೇಡ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಮೂರು ಸಲ ಬೇಡ ಎಂದ ಮೇಲೆಯೂ ತಾಟಿಗೆ ಬಡಿಸುತ್ತಾರೆ ಎಂದೆ. ಓಣಿಯ ಒಬ್ಬ ಹುಡುಗ ಪರೀಕ್ಷೆಗೆ ಕೂತರೆ ಹತ್ತು ಮನೆಯಿಂದ ಮೊಸರು, ಸಕ್ಕರೆ ಬರುತ್ತದೆ, ಪಾಸಾದರೆ ತಮ್ಮ ಮಗನೇ ಪಾಸಾದ ಹಾಗೆ ಕುಣಿಯುತ್ತಾರೆ ಎಂದೆ. ಪುಷ್ಪ ಪೆನ್ಸಿಲ್ ಕಚ್ಚಿಕೊಂಡು ಕೇಳುತ್ತಿದ್ದಳು. "ಚೆನ್ನಾಗೈತೆ ಅಕ್ಕ ನಿಮ್ಮೂರು. ಇಲ್ಲಿ ನಾನು ಓದ್ತೀನಿ ಅಂದ್ರೆ ಯಾರಿಗೇನಾಗ್ಬೇಕು."

ಇವೆಲ್ಲ ಸುಳ್ಳಲ್ಲ. ಆದರೆ ಆ ಮಂದಿಯಿಂದಲೇ ನಾನು ಓಡಿ ಬಂದದ್ದು ಎಂಬುದನ್ನು ಹೇಳಲಿಲ್ಲ. ಸೋಡಚೀಟಿ ಆದ ಮೇಲೆ ನಾನಿದ್ದದ್ದು ಗದಗಿನಲ್ಲಿ ನೀಲವ್ವ ಚಿಗವ್ವನ ಮನೆಯಲ್ಲಿ, ಎಂದರೆ ನಮ್ಮವ್ವನ ತಂಗಿಯ ಮನೆಯಲ್ಲಿ, ಎರಡು ವರ್ಷ. ಸಂಜೆಯಾದರೆ ಹೆಂಗಸರು ರೊಟ್ಟಿ, ಅದಕ್ಕೆ ನಂಚಿಕೊಳ್ಳಲು ಶೇಂಗಾ ಹಿಂಡಿ ಹಿಡಿದುಕೊಂಡು ಬರುತ್ತಿದ್ದರು. ಕೂಡುತ್ತಿದ್ದರು. "ಖರೇ ಹೇಳವಾ, ಏನಾತು? ನಿಂದೇನರ ತಪ್ಪಿತ್ತೇನು?" ಎನ್ನುತ್ತಿದ್ದರು. ನಾನು ಅಳುವವರೆಗೂ ಎದ್ದು ಹೋಗುತ್ತಿರಲಿಲ್ಲ. ಅತ್ತ ಮೇಲೆ ತಲೆ ಸವರುತ್ತಿದ್ದರು. ಪುಷ್ಪನಿಗೆ ರೊಟ್ಟಿಯ ಭಾಗ ಹೇಳಿದೆ, ಉಳಿದದ್ದನ್ನು ನುಂಗಿಕೊಂಡೆ. ಮೋಸ ಮಾಡಬೇಕೆಂದಲ್ಲ. ಆ ಹೊತ್ತಿಗೆ ನನಗೆ ರೊಟ್ಟಿಯಷ್ಟೇ ನೆನಪಿಗೆ ಬರುತ್ತಿತ್ತು.

ಪರೀಕ್ಷೆಯ ದಿನ ಚಾರುಗೆ ಜ್ವರ. ಸಾಕಮ್ಮನವರು ತಮ್ಮನ ಊರಿಗೆ ಹೋಗಿದ್ದರು, ಮಹೇಶ ಮುಂಜಾನೆಯೇ ಲೋಡ್ ತೆಗೆದುಕೊಂಡು ಚಾಮರಾಜನಗರಕ್ಕೆ ಹೊರಟಾಗಿತ್ತು. ಎಂಟೂವರೆಗೆ ಪುಷ್ಪ ಅಂಗಳದಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದಳು.

"ಚಾರೂನ ನಾ ನೋಡ್ಕೋತೀನಿ, ನೀ ಹೋಗು" ಎಂದೆ.

"ಪರವಾಗಿಲ್ಲ ಬುಡಿ ಅಕ್ಕ. ನಿಮ್ಗೂ ಕಾಲೇಜೈತೆ. ಮುಂದುನ್ ಸಲ ಬರುದ್ರಾಯ್ತು."

ಇಲ್ಲಿ ಪರವಾಗಿಲ್ಲ ಎಂದರೆ ಮಾತು ಮುಗಿಯಿತು ಎಂದರ್ಥ. ಅಷ್ಟು ಕಲಿತಿದ್ದೆ. ಒಬ್ಬರು ಪರವಾಗಿಲ್ಲ ಎಂದ ಮೇಲೆ ಮತ್ತೆ ಕೇಳುವುದು ಅವರ ಮನೆಯೊಳಗೆ ಕಾಲಿಟ್ಟ ಹಾಗೆ. ಸರಿ ಎಂದು ಮೆಟ್ಟಿಲು ಹತ್ತಿದೆ. ಎಷ್ಟು ಮೆಟ್ಟಿಲು, ಮೂರೋ ಆರೋ ಗೊತ್ತಿಲ್ಲ. ಆಮೇಲೆ ತಿರುಗಿ ಇಳಿದೆ. ನಾನಾಗಿಯೇ ತಿರುಗಿದೆ ಎಂದು ನಾನು ಹೇಳುತ್ತೇನೆ. ಪುಷ್ಪ ಬಿಕ್ಕಿದ್ದು ಕೇಳಿ ತಿರುಗಿದೆನೋ ಏನೋ. ದಿನಚರಿಯಲ್ಲಿ "ಚಾರು ನನ್ನ ಹತ್ತಿರ, ಜ್ವರ ನೂರಾ ಒಂದು" ಎಂದಷ್ಟೇ ಇದೆ. ಇಳಿದವಳು ಏನೂ ಕೇಳಲಿಲ್ಲ. ಮಗುವನ್ನು ಆಕೆಯ ಹೆಗಲಿಂದ ಎತ್ತಿಕೊಂಡೆ. ಅದು ಚೀರಿ ನನ್ನ ಕೂದಲು ಹಿಡಿದು ಎಳೆಯಿತು.

"ಹಾಲ್ ಟಿಕೆಟ್ ಎಲ್ಲೈತಿ? ತಗೋ. ನಡಿ. ಇನ್ನ ನಿಂತರ ನೋಡು ಮತ್ತ!" ಎಂದು ಅಪ್ಪಟ ಗದಗಿನ ಮಾತಿನಲ್ಲಿ ಗದರಿಸಿದೆ. ಆಕೆ ಚಪ್ಪಲಿ ಅದಲುಬದಲು ಹಾಕಿಕೊಂಡು ಆಟೋ ಹತ್ತಿದಳು.

ಮಗು ಸಂಜೆಯವರೆಗೆ ನನ್ನ ಮಡಿಲಲ್ಲಿತ್ತು. ಒದ್ದೆ ಬಟ್ಟೆ ಇಟ್ಟು, ಗಂಟೆಗೊಮ್ಮೆ ಜ್ವರ ನೋಡಿ, ಗೊತ್ತಿರುವ ಕತೆಗಳೆಲ್ಲ ಮುಗಿದ ಮೇಲೆ ವಿಜಯನಗರದ ಅರಸರ ಪಟ್ಟಿಯನ್ನೇ ರಾಗವಾಗಿ ಹೇಳಿದೆ. ಈ ಊರಿನಲ್ಲಿ ನಾನು ಒಂಟಿ ಅನ್ನಿಸದೆ ಕಳೆದ ಮೊದಲ ಪೂರ್ತಿ ದಿನ ಅದು.

ಪುಷ್ಪ ಪಾಸಾದಳು, ಮನೆಯಲ್ಲಿ ಹೇಳಿದ್ದೂ ಆಗಲೇ. ಸಾಕಮ್ಮನವರು ಬೀದಿಗೆಲ್ಲ ಒಬ್ಬಟ್ಟು ಹಂಚಿದರು, "ನಮ್ ಮೇಡಂ ಮಾಡ್ಸಿದ್ದು" ಎಂದು ನನ್ನ ಕೈಯಲ್ಲೂ ತಟ್ಟೆ ಕೊಟ್ಟು ಕಳಿಸಿದರು. ಯಾರ ಮನೆಯಲ್ಲಿ ಯಾರಿದ್ದಾರೆ ಎಂದು ನನಗೆ ಗೊತ್ತಾದದ್ದು ಅವತ್ತು. ನಾನೂ ಕುಣಿದೆ. ಪಾಸಾದರೆ ಆಕೆ ಇಲ್ಲಿರುವುದಿಲ್ಲ ಎಂಬುದು ನನ್ನ ತಲೆಗೇ ಬಂದಿರಲಿಲ್ಲ ಎಂದರೆ ನಂಬುತ್ತೀರಾ? ನನಗೂ ನಂಬಿಕೆಯಿಲ್ಲ.

ಶಾಲೆ ಆರಿಸಿಕೊಳ್ಳಲು ಬೆಂಗಳೂರಿಗೆ ಹೋದವಳು ಅಲ್ಲಿಂದಲೇ ಫೋನು ಮಾಡಿದಳು. ಹತ್ತಿರದವೆಲ್ಲ ಮೇಲಿನ ರ್‍ಯಾಂಕಿನವರಿಗೆ ಹೋಗಿ, ಬೀದರ್, ಯಾದಗಿರಿ, ನಮ್ಮ ಗದಗ ಜಿಲ್ಲೆಯ ರೋಣ ಉಳಿದಿದ್ದವಂತೆ.

"ಅಕ್ಕ, ರೋಣ ತಗೊಂಡ್ಬುಟ್ಟೆ! ನಿಮ್ಮೂರ್ ಕಡೆ. ಅಲ್ಲಿ ಯಾರ್ನೂ ಒಬ್ರುನ್ನೇ ಬುಡಲ್ಲ ಅಂತ ನೀವೇ ಯೋಳಿದ್ರಲ್ಲ. ಚಾರೂನ ಕರ್ಕೊಂಡ್ ಹೋಯ್ತೀನಿ."

ಅಡ್ಡಿಯಿಲ್ಲ ಎಂದೆ. ಈಗ ಆಕೆಗೆ ಅದರ ಅರ್ಥ ಗೊತ್ತು.

ಮಹೇಶ ಒಪ್ಪಿದ. ಸಾಕಮ್ಮನವರು ಒಪ್ಪಲಿಲ್ಲ. ಐದನೆಯ ದಿನ ಅವರು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಕೋಣೆಯೊಳಗೆ ಕೂತರು.

"ನೋಡವ್ವಾ, ನೀನು ಯೋಳ್ಬುಡು. ನಾನು ಆ ಕಡೆ ಕಂಡಿಲ್ಲ. ನಮ್ ಹುಡ್ಗಿ ಮಗಾ ಕಟ್ಕೊಂಡು ಒಬ್ಳೇ ಇರ್ಬೇಕು. ನಿಮ್ ಜನ ನೋಡ್ಕತಾರಾ? ನೀನ್ ಹೂಂ ಅಂದ್ರೆ ಕಳುಸ್ತೀನಿ. ಇಲ್ಲಾಂದ್ರೆ ಆ ಆರ್ಡ್ರು ಅಲ್ಲೇ ಬಿದ್ದಿರ್ಲಿ."

ಒಂದು ಕ್ಷಣ, ಇಲ್ಲ ಎನ್ನುವುದು ಎಷ್ಟು ಸುಲಭ ಎಂದು ಕಂಡಿತು. ನಮ್ಮ ಮಂದಿ ಬಾಯಿ ಬಹಳ, ಗಂಡನನ್ನು ಬಿಟ್ಟು ಬಂದವಳು ಎಂದು ಆಡಿಕೊಳ್ಳುತ್ತಾರೆ ಎಂದರೆ ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಪುಷ್ಪ ಉಳಿಯುತ್ತಿದ್ದಳು. ದಿನಾ ಮೂರು ಗಂಟೆ ಉಳಿಯುತ್ತಿತ್ತು. ಇಲ್ಲ ಎಂಬ ಉತ್ತರದಲ್ಲಿ ನನಗೇ ಲಾಭವಿದೆ ಎಂದು ಹೊಳೆದದ್ದೇ ಅದು ಬಾಯಿಂದ ಹೊರಡಲಿಲ್ಲ. "ನೋಡ್ಕೋತಾರೆ" ಎಂದೆ. ಅವರು ಗೋಡೆ ಹಿಡಿದುಕೊಂಡು, "ಸರಿ ಹಂಗಾದ್ರೆ" ಎಂದು ಎದ್ದರು.

ಅವರು ಇಳಿದು ಹೋದ ಮೇಲೆ ನನ್ನ ಹೂಂ ನನಗೇ ಕಹಿಯಾಗತೊಡಗಿತು. ಪುಷ್ಪನ ಒಳ್ಳೆಯದಕ್ಕೆಂದು ಹೇಳಿದೆನೋ, ಒಳ್ಳೆಯವಳು ಅನ್ನಿಸಿಕೊಳ್ಳಲು ಹೇಳಿದೆನೋ? ಇನ್ನೊಬ್ಬರ ಏಳಿಗೆಗೆ ಸಂತೋಷಪಡುವಾಗಲೂ ಒಳಗೆ ನಾನೇ ಕೂತಿದ್ದರೆ ಅದನ್ನು ಏನೆಂದು ಕರೆಯಬೇಕು? ಅದಕ್ಕಿಂತ ದೊಡ್ಡ ಭಯವೆಂದರೆ, ಅರ್ಧ ನೆನಪಿಟ್ಟುಕೊಂಡು ಅರ್ಧ ನುಂಗಿದ ಊರನ್ನು ನಾನು ಆಕೆಗೆ ಕೊಟ್ಟಿದ್ದೇನೆ. ಅದನ್ನು ನಂಬಿ ಆಕೆ ಗಂಟು ಕಟ್ಟುತ್ತಿದ್ದಾಳೆ.

ಬರುವ ಸೋಮವಾರ ಕೆಲಸಕ್ಕೆ ಸೇರಬೇಕು. ಈಗ ಆಕೆ ಮಾತುಮಾತಿಗೆ "ಹೌದ್ರೀ", "ಬರ್ರೀ" ಎಂದು ಅಭ್ಯಾಸ ಮಾಡುತ್ತಾಳೆ, ಚಾರು ನನ್ನನ್ನು ಅಣಕಿಸುವ ಹಾಗೆ "ಹಂಗ ರೀ" ಎಂದು ಕುಣಿಯುತ್ತದೆ. ನಾನು ಸಾಕಮ್ಮನವರ ಪಕ್ಕ ಕೂತು, ಮುದ್ದೆಯನ್ನು ಅಗಿಯದೆ ನುಂಗುತ್ತೇನೆ. ನನ್ನ ಊರಿಗೆ ಹೊರಟವಳು ಆಕೆ, ಆಕೆಯ ಊರಿನಲ್ಲಿ ಉಳಿಯುವವಳು ನಾನು. ಯಾರ ಊರು ಯಾವುದು ಎಂದು ಯಾರಾದರೂ ಕೇಳಿದರೆ ಈಗ ನಾನು ತಡವರಿಸುತ್ತೇನೆ.

ಒಂಬತ್ತು ದಿನದ ಹಿಂದೆ ಚಿಗವ್ವನಿಗೆ ಫೋನು ಹಚ್ಚಿದೆ. ಊರು ಬಿಟ್ಟ ಮೇಲೆ ನಾವು ಹಬ್ಬಕ್ಕೊಮ್ಮೆ ಮಾತಾಡುವವರು, ಅದೂ ಉಂಡಿಯೇನು, ಆರಾಮ ಅದಿಯೇನು ಎನ್ನುವಷ್ಟು. ಪುಷ್ಪನ ವಿಷಯ ಪೂರ್ತಿ ಹೇಳಿದೆ. "ಬರಲಿ ತಗೋ, ರೋಣ ಏನು ದೂರ?" ಎಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸದೆ ಒಂದು ಮಾತು ಕೇಳಿದೆ. ಚಿಗವ್ವ, "ತಡಿ, ಯಾರೋ ಬಾಗಲಾ ಬಡ್ಯಾಕ ಹತ್ಯಾರ" ಎಂದು ಫೋನಿಟ್ಟಳು. ಮತ್ತೆ ಎರಡು ಸಲ ಮಾತಾಡಿದ್ದೇವೆ. ಹಿತ್ತಲ ಕರಿಬೇವಿನ ಬಗ್ಗೆ ಹೇಳಿದಳು, ಮಂಡಿಯ ನೋವಿನ ಬಗ್ಗೆ ಹೇಳಿದಳು, ಹುಡುಗಿ ಯಾವ ಬಸ್ಸಿಗೆ ಬರುತ್ತಾಳೆ ಎಂದೂ ಕೇಳಿದಳು. ನನ್ನ ಆ ಪ್ರಶ್ನೆಗೆ ಮಾತ್ರ ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ, ಈ ಮಾತುಗಳಲ್ಲೇ, ಇದರಲ್ಲಿ ನೆನಪಿನ ತಪ್ಪಿಲ್ಲ:

"ಚಿಗವ್ವಾ, ನಾ ಅಲ್ಲಿದ್ದಾಗ ನೀವೆಲ್ಲಾರೂ ದಿನಾ ಬಂದು ಬಂದು ಕೇಳತಿದ್ರೆಲಾ, ಅದು ನನ್ನ ಸಲುವಾಗಿ ಕೇಳತಿದ್ರೋ, ನಿಮ್ಮ ಸಲುವಾಗಿ ಕೇಳತಿದ್ರೋ?"